ಬಾಗಿಲಿಗೆ ತೂಗುಹಾಕಿದ ಜೋಳಿಗೆ

ನನ್ನ ಗಿರಣಿ ಇನ್ನೂ ತಿರುಗುತ್ತಿದೆ ಅಂದರೆ ಅದಕ್ಕೆ ಕಾರಣ ಜೋಳ. ನಮ್ಮೂರಿನವರು ರಾಗಿ ಬೀಸಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೊಲ ಮಾರಿದರು, ಬಾಡಿಗೆ ಮನೆ ಕಟ್ಟಿಸಿದರು, ಪ್ಯಾಕೆಟ್ ಹಿಟ್ಟು ತಿಂದು ಶುಗರ್ ತರಿಸಿಕೊಂಡರು. ಆಮೇಲೆ ಗಿರಣಿಗೆ ಬರುತ್ತಿದ್ದವರೆಲ್ಲ ಬೆಳ್ಳಂದೂರು ಕೆರೆಗೆ ಹೋಗುವ ರಾಜಕಾಲುವೆಯ ಆಚೆ ದಂಡೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಯಾದಗಿರಿ, ರಾಯಚೂರು ಕಡೆಯ ಜನ. ಅವರಲ್ಲಿ ಎಲ್ಲರಿಗಿಂತ ಮೊದಲು ಬಂದವಳು, ಬಂದಾಗಲೆಲ್ಲ ನನ್ನ ಜೊತೆ ಜಗಳ ಆಡಿ ಹೋಗುವವಳು ಸಿದ್ದಕ್ಕ.

"ಹಿಟ್ಟು ಭಾಳ ಬಿಸಿ ಮಾಡ್ತೀರಿ ಅಕ್ಕಾರ. ರೊಟ್ಟಿ ಬಡಿಯೂ ಮುಂದ ಹರೀತಾವ" ಅನ್ನುವಳು.

"ಮಿಷನ್ನಿಗೆ ಬೀಸಣಿಗೆ ಹಾಕ್ಲಾ ಸಿದ್ದಕ್ಕ? ಬೇಕಿದ್ರೆ ತಗೊಂಡ್ಹೋಗು, ಇಲ್ಲಾಂದ್ರೆ ಬಿಡು" ಅಂತ ನಾನು. ಮುಂದಿನ ವಾರ ಮತ್ತೆ ಅವಳೇ ಬರುವಳು.

ಸುರಪುರದ ಹತ್ತಿರದ ಹಳ್ಳಿಯವಳು. ಗಂಡ ಹಣಮಂತ ಸೆಂಟ್ರಿಂಗ್ ಮೇಸ್ತ್ರಿ. ಇಬ್ಬರೂ ಸೇರಿ ರಿಂಗ್ ರೋಡಿನ ಗಾಜಿನ ಕಟ್ಟಡವೊಂದಕ್ಕೆ ಸಿಮೆಂಟು ಹೊತ್ತರು. ಕಟ್ಟಡ ಮುಗಿದ ಮೇಲೆ ಅದರಲ್ಲೇ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿಕೊಂಡಳು. ಮೆಟ್ಟಿಲೇ ಇಲ್ಲದಾಗ ಹತ್ತಿ ಇಳಿದ ಮಹಡಿಗೆ ಈಗ ಹೋಗಬೇಕಾದರೆ ಕೊರಳಲ್ಲಿ ಕಾರ್ಡ್ ಇರಬೇಕು ಅಂತ ನಗುತ್ತಿದ್ದಳು. ಹಣಮಂತ ಎದೆನೋವು ಅಂತ ಕೂತವನು ಏಳಲಿಲ್ಲ. ಉಳಿದವಳು ಒಬ್ಬಳೇ ಮಗಳು, ಭಾಗ್ಯಶ್ರೀ.

ಸಿದ್ದಕ್ಕನನ್ನು ಆ ದಂಡೆಯವರೆಲ್ಲ ಮಾತಾಡಿಸುತ್ತಿದ್ದದ್ದು ಅವಳ ಹೌಸ್‌ಕೀಪಿಂಗಿಗಾಗಿ ಅಲ್ಲ ಅನ್ನಿ. ಸೋಮವಾರದ ದಾಸೋಹದ ಅಡುಗೆ ಅವಳದು. ಶೆಡ್ಡುಗಳ ನಡುವೆ ಅವರೆಲ್ಲ ಸೇರಿ ತಮ್ಮೂರ ಕಡೆಯ ಮಠದ ಅಜ್ಜಾರ ಪಟ ಇಟ್ಟು ಒಂದು ತಗಡಿನ ಗುಡಿ ಮಾಡಿಕೊಂಡಿದ್ದರು. ಸೋಮವಾರ ಸಂಜೆ ಭಜನೆ, ಆಮೇಲೆ ಊಟ. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ. ಉಣ್ಣುವವರ ಹೆಸರು, ಊರು, ಜಾತಿ ಕೇಳಬಾರದು ಅನ್ನುವುದು ಅಲ್ಲಿಯ ಕಟ್ಟಳೆ. ಈ ಕಟ್ಟಳೆಯನ್ನು ಗುಡಿ ನೋಡಿಕೊಳ್ಳಲು ಕಟ್ಟಿಕೊಂಡಿದ್ದ ಸಂಘದ ಗಂಡಸರು ಬಾಯಲ್ಲಿ ಹೇಳುತ್ತಿದ್ದರು, ಸಿದ್ದಕ್ಕ ಸೌಟು ಹಿಡಿದು ನಡೆಸುತ್ತಿದ್ದಳು. ಹೊಸದಾಗಿ ಬಂದ ವರ್ಷ ಅವಳನ್ನೂ ಗಂಡನನ್ನೂ ಪಕ್ಕದ ಕಲ್ಯಾಣ ಮಂಟಪದವರು ಊಟಕ್ಕೆ ಅಂತ ಕರೆದು, ಎಲೆಯ ಮುಂದೆ ಕೂತ ಮೇಲೆ 'ನೀವು ಯಾರ ಕಡೆಯವರು' ಅಂತ ಕೇಳಿ ಎಬ್ಬಿಸಿದ್ದರಂತೆ. ಆ ಮಾತು ಎತ್ತಿದರೆ ಈಗಲೂ ಅವಳ ಮುಖ ಕಪ್ಪಿಡುತ್ತದೆ.

ದಾಸೋಹಕ್ಕೆ ಅಕ್ಕಿ ಕೂಡಿಸುವುದಕ್ಕೆ ಅವಳೇ ಒಂದು ದಾರಿ ಮಾಡಿದ್ದಳು. ಕಾವಿ ಬಟ್ಟೆಯಲ್ಲಿ ಸಣ್ಣ ಸಣ್ಣ ಜೋಳಿಗೆ ಹೊಲಿದು ಮನೆಮನೆಯ ಬಾಗಿಲಿಗೆ ತೂಗುಹಾಕಿದಳು. ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯಾಕೆ ಒಂದು ಹಿಡಿ ತೆಗೆದು ಅದಕ್ಕೆ ಹಾಕಬೇಕು. ಸೋಮವಾರ ಬೆಳಿಗ್ಗೆ ಸಿದ್ದಕ್ಕ ಬಂದು ಸುರಿದುಕೊಂಡು ಹೋಗುವಳು. ಒಮ್ಮೆ ಹಾಕಿದ ಜೋಳಿಗೆಯನ್ನು ಆ ಮನೆಯವರು ಊರು ಬಿಡುವ ತನಕ ಇಳಿಸುವ ಹಾಗಿಲ್ಲ. ನೀಲಿ ಟಾರ್ಪಾಲು, ತುಕ್ಕು ಹಿಡಿದ ತಗಡು, ಅದರ ನಡುವೆ ಸಾಲಾಗಿ ಕಾವಿ ಜೋಳಿಗೆಗಳು. ನಮ್ಮ ಕಾಲುವೆಯ ಈಚೆಯಿಂದಲೂ ಕಾಣುತ್ತಿದ್ದವು.

ಅದೇ ದಂಡೆಯ ಕೊನೆಯಲ್ಲಿ ಕಸ ಬೇರ್ಪಡಿಸುವವರ ನಾಲ್ಕಾರು ಶೆಡ್ಡುಗಳಿದ್ದವು. ಬಂಗಾಳಿ ಮಾತಾಡುವ ಮುಸ್ಲಿಮರು. ಅಪಾರ್ಟ್‌ಮೆಂಟುಗಳ ಕಸ ತಂದು ಪ್ಲಾಸ್ಟಿಕ್ಕು ಒಂದು ಕಡೆ, ಗಾಜು ಒಂದು ಕಡೆ ಗುಡ್ಡೆ ಹಾಕುವುದು ಅವರ ಕೆಲಸ. ಅವರಲ್ಲೊಬ್ಬಳು ಮೊರ್ಜಿನಾ. ಗಂಡ ಸೈದುಲ್, ಟುಂಪಾ ಅನ್ನುವ ಪುಟ್ಟ ಮಗಳು. ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯಿಂದ ಬಂದವರು. ಒಂದು ಸೋಮವಾರ ಟುಂಪಾ ಅನ್ನದ ವಾಸನೆ ಹಿಡಿದು ಬಂದು ಪಂಕ್ತಿಯಲ್ಲಿ ಕೂತುಬಿಟ್ಟಿತು. ಹುಡುಕಿಕೊಂಡು ಬಂದ ಮೊರ್ಜಿನಾ ಹೆದರಿ ಮಗಳ ರಟ್ಟೆ ಹಿಡಿದು ಎಳೆದರೆ ಸಿದ್ದಕ್ಕ ಅವಳನ್ನೂ ಗದರಿಸಿ ಕೂರಿಸಿದಳಂತೆ. ಮುಂದಿನ ವಾರ ಮೊರ್ಜಿನಾ ಮುಂಚೆಯೇ ಬಂದು ಈಳಿಗೆಮಣೆ ಎಳೆದುಕೊಂಡು ಈರುಳ್ಳಿ ಹೆಚ್ಚಲು ಕೂತಳು. ಸಿದ್ದಕ್ಕನ ಬಾಯಲ್ಲಿ ಅವಳು ಮರ್ಜವ್ವ ಆದಳು. ಜೋಳಿಗೆ ನನಗೂ ಬೇಕು ಅಂತ ಮೊರ್ಜಿನಾ ಸನ್ನೆ ಮಾಡಿ ಕೇಳಿದಾಗ ಸಿದ್ದಕ್ಕ ಒಂದು ಹೊಲಿದು ಅವಳ ಬಾಗಿಲಿಗೂ ಹಾಕಿದಳು. ಪಕ್ಕದ ಬಂಗಾಳಿ ಶೆಡ್ಡುಗಳವರೂ ಕೇಳಿದರು, ಅವರಿಗೂ ಸಿಕ್ಕಿತು.

ಸಂಘದ ಅಧ್ಯಕ್ಷ ಕೊಟ್ರಪ್ಪ ಗೊಣಗಿದ. ಬೊಮ್ಮಸಂದ್ರದಲ್ಲಿ ಲೇಬರ್ ಕಂಟ್ರಾಕ್ಟು ಮಾಡುವವನು, ಮಾತಿಗೆ ಮುಂಚೆ ಶರ್ಟಿನ ಕಾಲರ್ ಸರಿಮಾಡಿಕೊಳ್ಳುವ ಆಸಾಮಿ. "ಅವರ ಅಕ್ಕಿ ನಮ್ಮ ಅಜ್ಜಾರಿಗೆ ನಡೀತದೇನು?" ಅಂದನಂತೆ. "ಅಜ್ಜಾರು ಅಕ್ಕಿ ಕೂಡ ಮಾತಾಡ್ಯಾರೇನು? ನೀ ಉಣ್ಣು ಸುಮ್ಮನ" ಅಂದಳಂತೆ ಇವಳು. ಪಂಕ್ತಿಯೆಲ್ಲ ನಕ್ಕಿತು. ಕೊಟ್ರಪ್ಪನೂ ನಕ್ಕ. ಅಲ್ಲಿಗೆ ಆ ಮಾತು ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಆಮೇಲೆ ಆ ವಿಡಿಯೋ ಬಂತು. ಯಾರು ಮಾಡಿದರೋ ಗೊತ್ತಿಲ್ಲ. ನಮ್ಮ ಕಾಲುವೆ, ಆಚೆಯ ನೀಲಿ ಶೆಡ್ಡು, ಕಸದ ಗುಡ್ಡೆ, ಹಿಂದೆ ಢಂಢಂ ಅಂತ ಸಂಗೀತ. 'ಟೆಕ್ ಪಾರ್ಕಿನ ಬೆನ್ನಿಗೆ ಬಾಂಗ್ಲಾ ಕಾಲೋನಿ' ಅಂತ ಬರಹ. ನನ್ನ ಗಂಡ ವೆಂಕಟೇಶಪ್ಪನವರಿಗೆ ಒಂದೇ ಬೆಳಿಗ್ಗೆ ಎಷ್ಟು ಗ್ರೂಪುಗಳಿಂದ ಬಂತೋ, ಅವರು ಅದನ್ನೇ ಮತ್ತೆ ಮತ್ತೆ ನೋಡಿ, "ನೋಡೇ, ನಮ್ಮ ಗಿರಣಿ ಗೋಡೆನೂ ಬಂದೈತೆ" ಅಂದರು. ನನಗೆ ಮೈ ಉರಿಯಿತು.

ಅದಾದ ಮೇಲೆ ಆಚೆ ದಂಡೆಗೆ ನೀರಿನ ಟ್ಯಾಂಕರ್ ಬರುವುದು ನಿಂತಿತು. ಕೇಳಿದರೆ ಡ್ರೈವರ್ ಫೋನ್ ಎತ್ತಲಿಲ್ಲ. ಕರೆಂಟಿನ ವೈರನ್ನು ಯಾರೋ ಕಂಬದಿಂದ ಕತ್ತರಿಸಿ ಸುತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತು ಒಂದು ಡ್ರೋನ್ ಬಂದು ಶೆಡ್ಡುಗಳ ಮೇಲೆ ಗುಂಯ್‌ಗುಟ್ಟುತ್ತ ನಿಲ್ಲುತ್ತಿತ್ತು. ಮಕ್ಕಳು ಮೊದಮೊದಲು ಕೈಬೀಸಿದವು, ಆಮೇಲೆ ಅದರ ಸದ್ದಾದರೆ ಒಳಗೆ ಓಡತೊಡಗಿದವು. ಬೈಕಿನಲ್ಲಿ ಬಂದ ಹುಡುಗರು ಇಳಿಯದೆ, ಯಾರನ್ನೂ ಮಾತಾಡಿಸದೆ, ಬಾಗಿಲುಗಳ ಫೋಟೋ ಹೊಡೆದುಕೊಂಡು ಹೋದರು. ಖಾಕಿಯವರು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ದಾಖಲೆ ರೆಡಿ ಇಟ್ಟುಕೊಳ್ಳಿ ಅಂತ ಕೂಗಿದರು. ಯಾವ ದಾಖಲೆ, ಯಾವತ್ತು, ಯಾರಿಗೆ ತೋರಿಸಬೇಕು ಅಂತ ಹೇಳಲಿಲ್ಲ.

ದೇವರ ಕೆಲಸ ಮಾಡುವವರು ಏನು ಮಾಡಿದರು ಅನ್ನುವುದನ್ನೂ ಹೇಳಬೇಕು. ಎದುರಿನ ಅಪಾರ್ಟ್‌ಮೆಂಟಿನ ಸತ್ಸಂಗದ ಸುಕೃತಿ ಮೇಡಂ ಚಳಿಗಾಲದಲ್ಲಿ ಈ ದಂಡೆಗೆಲ್ಲ ಕಂಬಳಿ ಹಂಚಿದ್ದವರು. ಮೊರ್ಜಿನಾ ಅವರ ಬ್ಲಾಕಿನ ಕಸವನ್ನೇ ತೆಗೆಯುತ್ತಿದ್ದಳು. ಮೇಡಂ ನನ್ನ ಗಿರಣಿಗೆ ಗೋಧಿ ತಂದಾಗ, "ನಮಗೆ ಯಾರ ಮೇಲೂ ದ್ವೇಷ ಇಲ್ಲ ಆಂಟಿ, ಆದರೆ ಸೆಕ್ಯುರಿಟಿ ಕನ್ಸರ್ನ್ ಇರುತ್ತಲ್ಲ" ಅಂದರು. ಮಾರನೆಯ ದಿನದಿಂದ ಮೊರ್ಜಿನಾಳನ್ನು ಗೇಟಿನೊಳಗೆ ಬಿಡಲಿಲ್ಲ. ನಮ್ಮೂರ ಮಸೀದಿಯ ಹಿರಿಯರು ಸೈದುಲ್‌ನನ್ನು ಪಕ್ಕಕ್ಕೆ ಕರೆದು, ಒಂದೆರಡು ಶುಕ್ರವಾರ ಈ ಕಡೆ ಬರಬೇಡಪ್ಪ, ನಾವೇ ನಿಮ್ಮನ್ನು ಕರೆಸಿದ್ದು ಅಂತಾರೆ ಅಂದರು. ಆ ಮುದುಕರ ಕಣ್ಣಲ್ಲಿ ನೀರಿತ್ತು ಅಂತ ಸೈದುಲ್ಲೇ ಹೇಳಿದ. ಒಬ್ಬ ಫಾದರ್ ಮಾತ್ರ ಸ್ಕೂಟರಿನಲ್ಲಿ ಬಂದು, ಶೆಡ್ಡು ಶೆಡ್ಡಿಗೆ ಹೋಗಿ, ವಕೀಲರೊಬ್ಬರ ನಂಬರು ಕೊಟ್ಟರು. ನಂಬರು ರಿಂಗ್ ಆಗುತ್ತಿತ್ತು ಅಷ್ಟೆ.

ಇನ್ನು ಉಳಿದದ್ದು ಸಿದ್ದಕ್ಕನ ಸಂಘ.

ಆ ಭಾನುವಾರ ಗುಡಿಯ ಮುಂದೆ ಮುನಿಕೃಷ್ಣ ಬಂದು ಕುರ್ಚಿ ಹಾಕಿಸಿಕೊಂಡು ಕೂತ. ಜಾಗದ ಮಾಲೀಕರ ಪರವಾಗಿ ಶೆಡ್ಡುಗಳ ಬಾಡಿಗೆ ಎತ್ತುವವನು ಅವನೇ. ಬೀಸಿದ ಹಿಟ್ಟಿನ ಚೀಲ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ನೋಡ್ರಪ್ಪಾ, ನೀವು ಕನ್ನಡದೋರು, ನಮ್ ಜನ. ನಿಮ್ ಸುದ್ದಿಗೆ ಯಾರೂ ಬರಲ್ಲ" ಅಂತ ಶುರುಮಾಡಿದ. "ಪೊಲೀಸ್ನೋರು ಬರೋದು ಅವರಿಗೋಸ್ಕರ. ಆದ್ರೆ ಮೇಲಿಂದ ನೋಡಿದ್ರೆ ಎಲ್ಲಾ ಶೆಡ್ಡೂ ಒಂದೇ ಥರ. ನಿಮ್ಮೋರು ಯಾರು, ಅವರು ಯಾರು, ಹೆಂಗ್ ಗೊತ್ತಾಗ್ಬೇಕು ಹೇಳಿ?"

ಸಿದ್ದಕ್ಕ ಒಲೆಯ ಹತ್ತಿರದಿಂದ ಎದ್ದು ಬಂದಳು. ಅವಳ ಮುಖದಲ್ಲಿ ಏನೋ ಹೊಳೆದಂತಿತ್ತು.

"ಜೋಳಿಗಿ ನೋಡ್ರಿ ಸರ್. ಯಾರ ಬಾಗಲಿಗಿ ಜೋಳಿಗಿ ಅದನೋ ಅವರೆಲ್ಲ ನಮ್ಮವರು."

ಅವಳ ಲೆಕ್ಕಾಚಾರ ನನಗೆ ಆಗಲೇ ತಿಳಿಯಿತು. ಮೊರ್ಜಿನಾಳ ಬಾಗಿಲಲ್ಲೂ ಜೋಳಿಗೆ ಇದೆ. ಹೀಗೆ ಹೇಳಿಬಿಟ್ಟರೆ ಅವಳೂ ಇವರ ಲೆಕ್ಕಕ್ಕೆ ಬರುತ್ತಾಳೆ. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಳು ಪಾಪ. ಮುನಿಕೃಷ್ಣ ಕತ್ತು ತಿರುಗಿಸಿ ಸಾಲನ್ನು ಒಮ್ಮೆ ನೋಡಿದ. "ಸಕ್ಕತ್ತಾಗೈತಲ್ಲ! ಇದನ್ನೇ ಹೇಳ್ತೀನಿ ಸ್ಟೇಷನ್‌ಗೆ" ಅಂತ ಎದ್ದ.

ಅವನ ಬೈಕು ಕಾಲುವೆ ದಾಟುವುದೇ ತಡ, ಕೊಟ್ರಪ್ಪ ಸಿದ್ದಕ್ಕನ ಮುಂದೆ ಬಂದು ನಿಂತ. ಅವನಿಗೂ ಲೆಕ್ಕ ಬರುತ್ತಿತ್ತು.

"ಅಕ್ಕಾ, ನೀ ಹಾಕಿದ್ದು ನೀನ ಇಳಿಸು. ಆ ಕಸದವರ ಬಾಗಲಿನ್ವು ಎಲ್ಲ."

"ಜೋಳಿಗಿ ಇಳಸೂದಂದ್ರ ಏನಂತ ಗೊತ್ತದ ಇಲ್ಲೋ ನಿನಗ? ಊರು ಬಿಟ್ಟು ಹೋಗ್ರಿ ಅಂದಂಗ ಅದು."

"ಗೊತ್ತದ. ನಾಳಿ ಅವರು ಬಂದು ನೋಡ್ತಾರ. ಸಂಘದವರು ಬಾಂಗ್ಲಾದವರನ್ನ ಬಚ್ಚಿಟ್ಟಾರ ಅಂತಾದ್ರ ನಮ್ಮವೂ ಉಳಿಯೂದಿಲ್ಲ. ನಿನ್ನ ಮಗಳ ಹೊಟ್ಟಿ ನೋಡು. ಎಲ್ಲಿ ಹೆರ್ತಾಳ ಆಕಿ? ರೋಡಿನ್ಯಾಗ?"

ಭಾಗ್ಯಶ್ರೀ ಚೊಚ್ಚಲ ಹೆರಿಗೆಗೆ ತಾಯಿಯ ಹತ್ತಿರ ಬಂದಿದ್ದಳು. ದಿನ ತುಂಬಿತ್ತು. ಶೆಡ್ಡಿನ ಬಾಗಿಲಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಾಯಿಯನ್ನೇ ನೋಡುತ್ತಿದ್ದಳು. ಸಿದ್ದಕ್ಕ ಸುತ್ತಲೂ ನೋಡಿದಳು. ಸೋಮವಾರ ಸೋಮವಾರ ಅವಳ ಕೈಯ ಅನ್ನ ಉಂಡವರೆಲ್ಲ ಅಲ್ಲೇ ನಿಂತಿದ್ದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅಲ್ರಯ್ಯಾ, ನೀವೂ ಬಂದೋರೇ ತಾನೇ? ನಿಮ್ಮನ್ನ ನಾವು ಯಾರು ಅಂತ ಕೇಳಿದ್ವಾ?" ಅಂದೆ. "ನೀವು ಊರವ್ರು ಅಕ್ಕಾರ, ನಿಮಗ ಇದು ತಿಳಿಯೂದಿಲ್ಲ" ಅಂದ ಕೊಟ್ರಪ್ಪ. ಮರ್ಯಾದೆಯಿಂದಲೇ ಅಂದ. ನಾನು ನೇರವಾಗಿ ಮೊರ್ಜಿನಾಳ ಶೆಡ್ಡಿಗೆ ಹೋಗಿ, ನಾಲ್ಕು ದಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಬಂದು ಇರಿ ಅಂತ ಕರೆದೆ. ಅವಳು ತಲೆ ಅಲ್ಲಾಡಿಸಿದಳು. ಪ್ಲಾಸ್ಟಿಕ್ ಕವರಿನಿಂದ ವೋಟರ್ ಕಾರ್ಡು ತೆಗೆದು ತೋರಿಸಿದಳು.

"ನಾವು ಇಂಡಿಯಾ, ಆಂಟಿ. ಓಡಿ ಹೋದ್ರೆ ಕಳ್ಳ ಅಂತಾರೆ. ಮತ್ತೆ ಅಕ್ಕ ಇದೆಯಲ್ಲ" ಅಂದಳು, ಬಾಗಿಲಿನ ಜೋಳಿಗೆಯ ಕಡೆ ಕೈ ತೋರಿಸಿ.

ಸಂಜೆ ಸಿದ್ದಕ್ಕ ಹೋದದ್ದನ್ನು ನಾನು ಗಿರಣಿಯ ಕಟ್ಟೆಯ ಮೇಲೆ ನಿಂತು ನೋಡಿದೆ. ಉಳಿದ ಬಂಗಾಳಿ ಶೆಡ್ಡುಗಳ ಮುಂದೆ ನಿಲ್ಲದೆ, ಯಾರನ್ನೂ ಕೂಗದೆ, ಜೋಳಿಗೆಗಳನ್ನು ಬಿಚ್ಚಿಕೊಂಡು ಬಂದಳು. ಮೊರ್ಜಿನಾಳ ಬಾಗಿಲಲ್ಲಿ ಹಾಗೆ ಆಗಲಿಲ್ಲ. ಅವಳು ಹೊರಗೇ ಕೂತು ಮಗಳ ತಲೆ ಬಾಚುತ್ತಿದ್ದಳು. ಸಿದ್ದಕ್ಕ ಏನೋ ಅಂದಳು. ಮೊರ್ಜಿನಾ ನಕ್ಕು ಎದ್ದು, ಒಳಗೆ ಹೋಗಿ, ಒಂದು ಹಿಡಿ ಅಕ್ಕಿ ತಂದು ಜೋಳಿಗೆಗೆ ಹಾಕಿ, ತಾನೇ ಬಿಚ್ಚಿ ಅವಳ ಕೈಗೆ ಕೊಟ್ಟಳು. ಸಿದ್ದಕ್ಕ ಏನು ಹೇಳಿದಳು ಅನ್ನುವುದು ನನಗೆ ಆಮೇಲೆ ಭಾಗ್ಯಶ್ರೀಯಿಂದ ಗೊತ್ತಾಯಿತು. "ಹೊಲಸಾಗ್ಯದ ಮರ್ಜವ್ವ, ಒಗದು ನಾಳಿ ತಂದು ಹಾಕ್ತೀನಿ" ಅಂದಿದ್ದಳಂತೆ.

ಅಷ್ಟು ದೊಡ್ಡ ಸುಳ್ಳನ್ನು ಅವಳು ಹುಟ್ಟಿದ ಮೇಲೆ ಹೇಳಿರಲಿಕ್ಕಿಲ್ಲ.

ಬೆಳಕು ಹರಿಯುತ್ತಿದ್ದ ಹಾಗೆ ಜೆಸಿಬಿಗಳ ಸದ್ದಿಗೆ ಎಚ್ಚರವಾಯಿತು. ಎದ್ದು ಓಡಿದರೆ ಕಾಲುವೆಯ ಸೇತುವೆಗೆ ಕಾನ್ಸ್‌ಟೇಬಲ್‌ಗಳು ಅಡ್ಡ ನಿಂತಿದ್ದರು. "ಯಾರೂ ಆಚೆ ಹೋಗಂಗಿಲ್ಲಮ್ಮ" ಅಂದರು. ಅಲ್ಲೇ ನಿಂತು ಕೂಗಿದೆ, ಯಂತ್ರಗಳ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಮುನಿಕೃಷ್ಣ ಇನ್ಸ್‌ಪೆಕ್ಟರ್ ಜೊತೆ ಸಾಲಿನುದ್ದಕ್ಕೂ ನಡೆದು ಬರುತ್ತಿದ್ದ. ಜೋಳಿಗೆ ಇದ್ದ ಬಾಗಿಲನ್ನು ಕಣ್ಣಲ್ಲೇ ದಾಟುತ್ತಿದ್ದರು. ಜೋಳಿಗೆ ಇದ್ದ ಮನೆಗಳವರು ಬಾಗಿಲು ಹಾಕಿಕೊಂಡು ಒಳಗಿದ್ದರು. ಕೊನೆಯ ಶೆಡ್ಡುಗಳ ಹತ್ತಿರ ವ್ಯಾನುಗಳು ಹಿಂಭಾಗ ತೆರೆದುಕೊಂಡು ನಿಂತಿದ್ದವು.

ಸೈದುಲ್ ಕಾರ್ಡು ತೋರಿಸಿದ. ಇಸಿದುಕೊಂಡ ಪೊಲೀಸರು ಅದನ್ನು ಓದಲಿಲ್ಲ. ಜೇಬಿಗೆ ಹಾಕಿಕೊಂಡರು. "ಇದೆಲ್ಲ ದುಡ್ಡು ಕೊಟ್ರೆ ಸಿಗುತ್ತೆ, ಹತ್ತು" ಅಂದರಂತೆ. ಆಗ ಮೊರ್ಜಿನಾ ಅವರ ಕೈಯಿಂದ ತಪ್ಪಿಸಿಕೊಂಡು ಸಾಲಿನ ಈ ಕಡೆಗೆ ಓಡಿ ಬಂದಳು, ಟುಂಪಾಳನ್ನು ಸೊಂಟದ ಮೇಲೆ ಎತ್ತಿಕೊಂಡು. ಸಿದ್ದಕ್ಕನ ಶೆಡ್ಡಿನ ಮುಂದೆ ನಿಂತು ಬಾಗಿಲು ಬಡಿದಳು.

ಮುಂದಿನದನ್ನು ಭಾಗ್ಯಶ್ರೀ ಒಳಗಿನಿಂದ ಕಂಡಳು.

ಸಿದ್ದಕ್ಕ ಬಾಗಿಲು ತೆಗೆದಳು. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದಿದ್ದರು, ಅವರ ಹಿಂದೆ ಕೊಟ್ರಪ್ಪನೂ ಬಂದಿದ್ದ. ಮೊರ್ಜಿನಾ ಏದುಸಿರು ಬಿಡುತ್ತಾ ಇನ್ಸ್‌ಪೆಕ್ಟರಿಗೆ ಹೇಳಿದಳು: "ಸಾರ್, ನಂದೂ ಜೋಳಿಗೆ ಐತೆ. ಒಗೆಯೋಕೆ ಕೊಟ್ಟೆ. ಅಕ್ಕನ ಹತ್ರ ಐತೆ. ಅಕ್ಕಾ, ಹೇಳಿ."

ಒಗೆಯದ ಜೋಳಿಗೆ ಸಿದ್ದಕ್ಕನ ಬೆನ್ನ ಹಿಂದೆ ಮೊಳೆಗೆ ನೇತಾಡುತ್ತಿತ್ತು, ಅಕ್ಕಿಯ ಸಮೇತ. ಇನ್ಸ್‌ಪೆಕ್ಟರ್ ಕೇಳಿದರು: "ಏನಮ್ಮಾ, ಈಯಮ್ಮ ನಿಮ್ಮೋರಾ?"

ಸಿದ್ದಕ್ಕ ಮಗಳ ಕಡೆ ನೋಡಿದಳು. ಕೊಟ್ರಪ್ಪನ ಕಡೆ ನೋಡಿದಳು. ಅವನು ಕಾಲರ್ ಸರಿಮಾಡಿಕೊಳ್ಳುತ್ತಿದ್ದ. ಅವಳ ಬಾಯಿ ತೆರೆಯಿತಂತೆ, ಆದರೆ ಏನೂ ಬರಲಿಲ್ಲವಂತೆ. ಇಬ್ಬರು ಮಹಿಳಾ ಪೇದೆಗಳು ಬಂದು ಮೊರ್ಜಿನಾಳ ತೋಳು ಹಿಡಿದರು. ಅವಳು ಅಳಲಿಲ್ಲ, ಬೈಯಲಿಲ್ಲ. ವ್ಯಾನಿನವರೆಗೂ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಹೋದಳು. ಸಿದ್ದಕ್ಕ ಈಗ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಅಂತ ಕಾಯುವ ಹಾಗೆ.

ಎಲ್ಲಿಗೆ ಕರೆದುಕೊಂಡು ಹೋದರು ಅಂತ ನಿಖರವಾಗಿ ಯಾರಿಗೂ ಗೊತ್ತಾಗಲಿಲ್ಲ. ರೈಲಿನಲ್ಲಿ ಗಡಿಯ ಕಡೆ ಕಳಿಸಿದ್ದಾರೆ ಅಂತ ಫಾದರ್ ಎಲ್ಲಿಂದಲೋ ತಿಳಿದುಕೊಂಡು ಬಂದು ಹೇಳಿದರು. ಅದರಿಂದಾಚೆಗೆ ಅವರಿಗೂ ದಾರಿ ಕಾಣಲಿಲ್ಲ. ಮೊರ್ಜಿನಾಳ ತಮ್ಮ ನದಿಯಾದಿಂದ ಸಿದ್ದಕ್ಕನ ಫೋನಿಗೆ ದಿನವೂ ಮಾಡುತ್ತಿದ್ದ. ಅವನ ಭಾಷೆ ಇವಳಿಗೆ ಬಾರದು, ದೀದಿ ಅನ್ನುವ ಒಂದು ಮಾತು ಮಾತ್ರ ತಿಳಿಯುತ್ತಿತ್ತು. ಸಿದ್ದಕ್ಕ ಫೋನನ್ನು ಕಿವಿಗೆ ಹಿಡಿದುಕೊಂಡು, ಅವನು ಮಾತಾಡಿ ಸುಮ್ಮನಾಗುವ ತನಕ ಕೇಳಿಸಿಕೊಂಡು, ಇಡುತ್ತಿದ್ದಳು.

ಭಾಗ್ಯಶ್ರೀಗೆ ನೋವು ಬಂದು ಗಂಡು ಮಗುವಾಯಿತು. ಆಸ್ಪತ್ರೆಯಿಂದ ಶೆಡ್ಡಿಗೇ ಕರೆತಂದರು. ಸಂಘದವರು ಪೇಡೆ ಹಂಚಿದರು. ಕೊಟ್ರಪ್ಪ ತೊಟ್ಟಿಲಿಗೆ ಹಗ್ಗ ತಂದುಕೊಟ್ಟ. ಸೋಮವಾರದ ದಾಸೋಹ ನಡೆಯಿತು. ಸಿದ್ದಕ್ಕನೇ ಅಡುಗೆ ಮಾಡಿದಳು, ಬಡಿಸಿದಳು, ತಾನು ಮಾತ್ರ ಉಣ್ಣಲಿಲ್ಲ. ಗಿರಣಿಗೆ ಬಂದರೆ ಹಿಟ್ಟು ಮುಟ್ಟಿ ನೋಡದೆ ಎತ್ತಿಕೊಂಡು ಹೋಗುತ್ತಿದ್ದಳು. "ಯಾಕೆ ಸಿದ್ದಕ್ಕ, ಬಿಸಿ ಇಲ್ವಾ?" ಅಂತ ನಾನೇ ಕೆಣಕಿದೆ. "ಎಲ್ಲ ಬರೋಬರಿ ಅದರಿ" ಅಂದಳು. ಅವಳು ಜಗಳ ಆಡದೆ ಇದ್ದದ್ದು ನನಗೆ ಭಯ ತರಿಸಿತು.

ಮಗುವಿನ ಹೆಸರಿಡುವ ಮೊದಲೇ ಜೆಸಿಬಿಗಳು ಮತ್ತೆ ಬಂದವು. ಈ ಸಲ ಯಾರೂ ಬಾಗಿಲು ನೋಡಲಿಲ್ಲ. ಮಾಲೀಕರು ಆ ಜಾಗವನ್ನು ಯಾರಿಗೋ ಮಾತಾಡಿ ಮುಗಿಸಿದ್ದರು, ಖಾಲಿ ನೆಲ ಬೇಕಾಗಿತ್ತು. ಕೊಟ್ರಪ್ಪ ಮುನಿಕೃಷ್ಣನಿಗೆ ಫೋನ್ ಹಚ್ಚಿ ಹಚ್ಚಿ ಸಾಕಾದ. ಗುಡಿಯ ತಗಡು, ಅಜ್ಜಾರ ಪಟ, ಪಾತ್ರೆ, ಜೋಳಿಗೆ, ಜನರ ಟ್ರಂಕುಗಳು, ಟ್ರಂಕಿನೊಳಗಿನ ಆಧಾರ್ ಕಾರ್ಡುಗಳು ಎಲ್ಲ ಒಂದೇ ಗುಡ್ಡೆಯಾಯಿತು. ಬಾಣಂತಿಯನ್ನು ಅವಳ ಗಂಡ ಆಟೋದಲ್ಲಿ ಕೂರಿಸಿಕೊಂಡು ಮಾರತ್ತಹಳ್ಳಿಯ ತನ್ನ ಅಣ್ಣನ ಕೋಣೆಗೆ ಕರೆದೊಯ್ದ. ಸಿದ್ದಕ್ಕ ಹೋಗಲಿಲ್ಲ. ಗುಡ್ಡೆಯ ಪಕ್ಕದಲ್ಲಿ ಕೂತಳು.

ಒಬ್ಬ ಯೂಟ್ಯೂಬಿನವನು ಮೈಕು ಹಿಡಿದುಕೊಂಡು ಬಂದ. ಎಲ್ಲರೂ ತಾವು ಯಾದಗಿರಿಯವರು, ರಾಯಚೂರಿನವರು ಅಂತ ಅವನ ಮೇಲೆ ಮುಗಿಬಿದ್ದು ಹೇಳುತ್ತಿದ್ದರು. ಅವನಿಗೆ ಅದು ಬೇಕಿರಲಿಲ್ಲ ಅಂತ ಕಾಣುತ್ತದೆ. ಸುಮ್ಮನೆ ಕೂತಿದ್ದ ಸಿದ್ದಕ್ಕನ ಮುಂದೆ ಮೈಕು ಚಾಚಿದ.

"ಹೇಳಮ್ಮಾ, ನೀವು ಬಾಂಗ್ಲಾದವರಾ?"

"ಹೌದು. ಬರಕೋ" ಅಂದಳು ಸಿದ್ದಕ್ಕ.

ಕೊಟ್ರಪ್ಪ ಓಡಿ ಬಂದು ಅಡ್ಡ ನಿಂತು, "ಅಲ್ರೀ ಸರ್, ಆಕಿಗಿ ತಲಿ ಕೆಟ್ಟದ, ನಮ್ಮ ಸುರಪುರದಾಕಿ" ಅಂತ ಕೂಗಿದ. ಆ ಭಾಗವನ್ನು ಯೂಟ್ಯೂಬಿನವನು ಕತ್ತರಿಸಿ ತೆಗೆದ. ಸಂಜೆಯ ಹೊತ್ತಿಗೆ ವೆಂಕಟೇಶಪ್ಪನವರ ಫೋನಿನಲ್ಲಿ ಸಿದ್ದಕ್ಕ ಇದ್ದಳು. 'ಬಾಯ್ಬಿಟ್ಟ ಬಾಂಗ್ಲಾ ಮಹಿಳೆ.' ಈ ಸಲ ನಮ್ಮ ಯಜಮಾನರು ಅದನ್ನು ನನಗೆ ತೋರಿಸಲಿಲ್ಲ, ನಾನೇ ಕಸಿದುಕೊಂಡು ನೋಡಿದೆ.

ಮಾರನೆಯ ಮಧ್ಯಾಹ್ನ ಭಾಗ್ಯಶ್ರೀ ಅಳುತ್ತಾ ಫೋನ್ ಮಾಡಿದಳು. ಅವ್ವನನ್ನು ಸ್ಟೇಷನ್ನಿಗೆ ಕರೆದೊಯ್ದಿದ್ದಾರೆ, ದಾಖಲೆ ಕೇಳಿದರೆ ಏನೂ ಇಲ್ಲ, ಕೇಳಿದ್ದಕ್ಕೆ ಅವಳು ಉತ್ತರವನ್ನೂ ಕೊಡುತ್ತಿಲ್ಲ. ಸಂಘದವರು ದಿಕ್ಕಿಗೊಬ್ಬರು ಚೆದುರಿದ್ದರು. ಕೊಟ್ರಪ್ಪ ಬೊಮ್ಮಸಂದ್ರದಲ್ಲಿದ್ದ. "ನಾ ಬಂದ್ರ ನನ್ನೂ ಕೂಡಸ್ತಾರ ತಂಗಿ, ನನ್ನ ಕಾರ್ಡೂ ಗುಡ್ಡಿಯಾಗ ಅದ" ಅಂದನಂತೆ. ಅವನಿಗೆ ನಾನು ಮನಸಾರೆ ಶಾಪ ಹಾಕಿದೆ. ಆಮೇಲೆ ಯೋಚಿಸಿದರೆ ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

"ನಮಗ್ಯಾಕೆ ಬೇಕು ಸ್ಟೇಷನ್ ಸಹವಾಸ?" ಅಂದರು ವೆಂಕಟೇಶಪ್ಪ. ಗಿರಣಿಯ ಬೆಲ್ಟು ಬಿಚ್ಚಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, ಅದೇ ಸೀರೆಯಲ್ಲಿ ಆಟೋ ಹತ್ತಿದೆ.

ಸಿದ್ದಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿಯೂ ನೋಡದವಳ ಹಾಗಿದ್ದಳು. ಅವತ್ತು ಬಂದಿದ್ದ ಇನ್ಸ್‌ಪೆಕ್ಟರೇ ಮೇಜಿನ ಹಿಂದೆ ಇದ್ದರು.

"ಇವಳನ್ನ ಬಿಡಿ ಸಾರ್. ನಮ್ಮೋಳು" ಅಂದೆ.

"ನೀವ್ಯಾರಮ್ಮ?"

"ಈ ಊರೋಳು. ನೀವು ಕೂತಿರೋ ಜಾಗದಲ್ಲಿ ನಮ್ ಮಾವ ರಾಗಿ ಬಿತ್ತುತಿದ್ರು. ಇವಳು ಸುರಪುರದ ಕಡೆಯೋಳು, ನನ್ ಗಿರಣೀಲಿ ಜೋಳ ಬೀಸಿಸ್ತಾಳೆ. ಇನ್ನೇನಾದ್ರೂ ಬೇಕಾದ್ರೆ ನನ್ನ ಆಧಾರ್ ತಗೊಳಿ, ನನ್ನ ಕೂರಿಸ್ಕೊಳಿ."

ಅವರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ನಾನು ಇನ್ನೂ ಜೋರಾಗಿ ಮಾತಾಡಬೇಕಾದೀತು, ಕಾರ್ಪೊರೇಟರನ್ನೋ ಇನ್ಯಾರನ್ನೋ ಹಿಡಿಯಬೇಕಾದೀತು ಅಂದುಕೊಂಡೇ ಹೋಗಿದ್ದೆ. ಏನೂ ಬೇಕಾಗಲಿಲ್ಲ. "ಮೊದಲೇ ಯಾರಾದ್ರೂ ಬಂದು ಹೇಳಿದ್ರೆ ಆಗ್ತಿತ್ತಲ್ಲ" ಅಂತ ಹೇಳಿ, ಕರೆದುಕೊಂಡು ಹೋಗಿ ಅಂತ ಕೈ ಬೀಸಿದರು. ಟೀ ಕುಡಿದು ಲೋಟ ಇಡುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಟೋದಲ್ಲಿ ಅವಳು ಹೊರಗೇ ನೋಡುತ್ತಿದ್ದಳು. ಟೆಕ್ ಪಾರ್ಕಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಅಳಲಿ, ನನ್ನನ್ನು ಬೈಯಲಿ, ಏನಾದರೂ ಮಾಡಲಿ ಅಂತ ನಾನು ಕಾಯುತ್ತಿದ್ದೆ.

"ಬರೇ ಇಷ್ಟ ಇತ್ತೇನ್ರಿ ಅಕ್ಕಾರ" ಅಂದಳು ಸಿದ್ದಕ್ಕ. "ನಮ್ಮಾಕಿ ಅಂತ ಒಂದು ಮಾತು ಅಂದ್ರಿ. ಬಿಟ್ಟುಬಿಟ್ರು."